ಪೆಟ್ರೋಲ್ ಸೊಪ್ಪು

ಚಿಕ್ಕವ್ವ ನಮ್ಮ ಮನೆಗೆ ಬಂದದ್ದು ಒಂದು ತಗಡಿನ ಟ್ರಂಕು, ಒಂದು ಗೋಣಿಚೀಲ ಮತ್ತು ಒಂದು ವಾಸನೆಯ ಜೊತೆಗೆ. ಟ್ರಂಕನ್ನು ಚಿಕ್ಕಪ್ಪ ಹೊತ್ತಿದ್ದ. ಗೋಣಿಚೀಲವನ್ನು ಆಕೆಯೇ ಕಂಕುಳಲ್ಲಿ ಅವುಚಿಕೊಂಡಿದ್ದಳು. ವಾಸನೆ ಮಾತ್ರ ಯಾರ ಅಪ್ಪಣೆಗೂ ಕಾಯದೆ ಜಗಲಿ ದಾಟಿ, ನಡುಮನೆ ಹೊಕ್ಕು, ದೇವರ ಗೂಡಿನ ಊದುಬತ್ತಿಯನ್ನೂ ಮೀರಿಸಿ ಅಡುಗೆಮನೆ ಸೇರಿತು. ಹಿನಕಲ್ ಆಗ ಹಳ್ಳಿಯೂ ಅಲ್ಲದ, ಮೈಸೂರೂ ಅಲ್ಲದ ಎಡಬಿಡಂಗಿ ಸ್ಥಿತಿಯಲ್ಲಿತ್ತು. ನಮ್ಮ ಹೆಂಚಿನ ಮನೆಯ ಮುಂಬಾಗಿಲಲ್ಲಿ ನಿಂತರೆ ಹುಣಸೂರು ರಸ್ತೆಯ ಬಸ್ಸುಗಳ ಹಾರ್ನ್ ಸದ್ದು, ಹಿತ್ತಿಲಲ್ಲಿ ನಿಂತರೆ ರಾಗಿ ಹೊಲ. ಹೊಸಬರು ಬರುವುದು ನಮಗೇನೂ ಅಪರೂಪವಲ್ಲ. ಆದರೆ ಮನೆಯ ಸೊಸೆಯಾಗಿ, ಕನ್ನಡದ ಒಂದಕ್ಷರವೂ ಬಾರದೆ, ಮೂಗಿನಲ್ಲಿ ದೊಡ್ಡ ನತ್ತು ತೊಟ್ಟು ಯಾರೂ ಬಂದಿರಲಿಲ್ಲ. ಆರತಿ ತಟ್ಟೆ ಹಿಡಿದು ಹೊರಗೆ ಬಂದ ಅಜ್ಜಿ ಹೊಸಿಲಲ್ಲೇ ನಿಂತು ಮೂಗರಳಿಸಿದಳು.

"ಇದೇನ್ಲಾ ಮಗ, ಪೇಂಟ್ ಅಂಗ್ಡಿ ಮನೆ ಒಳಿಕ್ಕೆ ಬಂದಂಗದೆ?"

"ಅವ್ರ ಬೆಟ್ಟದ ಮರದ ಎಲೆ ಕಣವ್ವ. ಪಿರೂಲ್ ಅಂತಾರೆ."

"ಪೆಟ್ರೋಲಾ?"

"ಪೆಟ್ರೋಲ್ ಅಲ್ಲ, ಪಿರೂಲ್. ಪೈನ್ ಮರದ್ದು. ಅವ್ರು ಟೀ ಕಾಯಿಸ್ಕಂಡು ಕುಡೀತಾರೆ."

"ಕುಡೀತಾರಾ!" ಎಂದ ಅಜ್ಜಿ ಆರತಿಯನ್ನು ಎರಡೇ ಸುತ್ತಿಗೆ ಮುಗಿಸಿದಳು. ಅಂದಿನಿಂದ ಅದಕ್ಕೆ ನಮ್ಮ ಮನೆಯಲ್ಲಿ ಪೆಟ್ರೋಲ್ ಸೊಪ್ಪು ಎಂದೇ ಹೆಸರಾಯಿತು.

ಚಿಕ್ಕಪ್ಪ ಮಿಲಿಟರಿಯಲ್ಲಿ ಲಾರಿ ಓಡಿಸುತ್ತಿದ್ದ. ಉತ್ತರದ ಕುಮಾವೂ ಬೆಟ್ಟಗಳ ಕಡೆ ಇದ್ದಾಗ ಜೊತೆಗಾರನೊಬ್ಬನ ತಂಗಿಯನ್ನು ಅಲ್ಲೇ ಗುಡಿಯಲ್ಲಿ ಮದುವೆಯಾಗಿ, ಸುದ್ದಿಯನ್ನು ಆಮೇಲೆ ತಿಳಿಸಿದ್ದ. ರಜೆ ಮುಗಿಯಿತು. ಮುಂದಿನದು ಗಡಿಯ ಜಾಗ, ಅಲ್ಲಿಗೆ ಹೆಂಡಿರನ್ನು ಕರೆದೊಯ್ಯುವಂತಿರಲಿಲ್ಲ. ಆತ ಹೆಂಡತಿಯನ್ನು ನಮ್ಮಲ್ಲಿ ಬಿಟ್ಟು ರೈಲು ಹತ್ತಿದ. ಆಕೆಯ ಹೆಸರು ದೀಪಾ. ಆದರೆ ಅಜ್ಜಿಗೆ ಆಕೆ 'ಬೆಟ್ಟದವಳು', ನನ್ನ ಅವ್ವನಿಗೆ 'ಅವಳು', ಅಪ್ಪನಿಗಂತೂ ಹೆಸರು ಹಿಡಿದು ಕರೆಯುವ ಪ್ರಶ್ನೆಯೇ ಇರಲಿಲ್ಲ, ಯಾಕೆಂದರೆ ಭಾವನಾದವನು ತಮ್ಮನ ಹೆಂಡತಿಯ ಜೊತೆ ಮುಖ ಕೊಟ್ಟು ಮಾತಾಡುವ ಪದ್ಧತಿ ನಮ್ಮಲ್ಲಿರಲಿಲ್ಲ. ಉಳಿದವಳು ನಾನು. ಶಾಲೆಯಲ್ಲಿ ನನಗೆ ಆಗಷ್ಟೇ ಹಿಂದಿ ಶುರುವಾಗಿತ್ತು. 'ಯಹ್ ಗಾಯ್ ಹೈ' ಎನ್ನುವಷ್ಟು ಪಾಂಡಿತ್ಯ ಇಟ್ಟುಕೊಂಡು ನಾನು ಮನೆಯ ದುಭಾಷಿಯಾದೆ. ಈಗ ಮೈಸೂರಿಗೆ ಕೆಲಸಕ್ಕೆ ಬಂದ ಹೊರಗಿನವರಿಗೆ ಕನ್ನಡ ಕಲಿಸಿ ಬದುಕುತ್ತಿದ್ದೇನೆ. ಎಲ್ಲಿ ಕಲಿತಿರಿ ಈ ವಿದ್ಯೆ ಎಂದು ಯಾರಾದರೂ ಕೇಳಿದರೆ ಹಿನಕಲ್ಲಿನ ನುಗ್ಗೆಮರದ ಕೆಳಗೆ ಎನ್ನುತ್ತೇನೆ. ಅವರು ತಮಾಷೆ ಎಂದುಕೊಳ್ಳುತ್ತಾರೆ.

ಗೋಣಿಚೀಲದಲ್ಲಿ ಎರಡು ಬಗೆಯ ಎಲೆಯಿದ್ದವು. ಎಲೆ ಎಂದರೆ ಎಲೆಯಲ್ಲ, ಗೇಣುದ್ದದ ಸೂಜಿಗಳು. ಮೂರು ಮೂರು ಸೂಜಿ ಒಂದೇ ಬುಡದಲ್ಲಿ ಕೂಡಿಕೊಂಡಿರುತ್ತಿದ್ದವು. ತಾನಾಗಿ ಉದುರಿದ ಕಂದು ಸೂಜಿಗಳದ್ದೇ ದೊಡ್ಡ ಹೊರೆ. ಅದರ ಮಧ್ಯೆ ಬಟ್ಟೆಯ ಗಂಟೊಂದರಲ್ಲಿ ನೆರಳಿನಲ್ಲಿ ಒಣಗಿಸಿದ ಹಸಿರು ಸೂಜಿಗಳು. ಕಂದು ಸೂಜಿಗಳನ್ನು ಚಿಕ್ಕವ್ವ ನೀರಲ್ಲಿ ನೆನೆಸಿ, ಮೆತ್ತಗಾದ ಮೇಲೆ ಹಿಡಿಹಿಡಿಯಾಗಿ ಸುತ್ತಿ, ದಪ್ಪ ದಾರದಲ್ಲಿ ಹೊಲಿಯುತ್ತಿದ್ದಳು. ಸುತ್ತಿನ ಮೇಲೆ ಸುತ್ತು ಕೂತು ಮೊದಲು ಬಟ್ಟಲಾಗುತ್ತಿತ್ತು, ಆಮೇಲೆ ಬುಟ್ಟಿ. ಒಂದು ದಿನ ಆಕೆ ಬುಟ್ಟಿಯನ್ನು ಮುಂದುವರಿಸದೆ ಬರೀ ಒಂದು ದಪ್ಪ ಬಳೆಯಷ್ಟಕ್ಕೆ ನಿಲ್ಲಿಸಿ, ಅದರ ಮೇಲೆ ಸಾರಿನ ಮಡಕೆ ಇಟ್ಟಳು. ಅಜ್ಜಿ ಹತ್ತಿರ ಬಂದು ನೋಡಿದಳು. ಅದು ಸಿಂಬೆ. ನಮ್ಮ ಅಡುಗೆಮನೆಯಲ್ಲಿ ಅಜ್ಜಿ ಹುಲ್ಲಿನಿಂದ ಸುತ್ತಿದ್ದ ಸಿಂಬೆಗಳು ಮಸಿ ಹಿಡಿದು ಸಡಿಲವಾಗಿದ್ದವು. ಅಜ್ಜಿ ಹೊಸ ಸಿಂಬೆಯನ್ನು ಅದುಮಿ ನೋಡಿ, ಗಟ್ಟಿಯಿದೆ ಎಂದು ಬಾಯಲ್ಲಿ ಹೇಳದೆ ತನ್ನ ಹಳೆಯದನ್ನು ಎತ್ತಿ ಒಲೆಗೆ ಹಾಕಿದಳು. ನಾನು ಕುಣಿದಾಡಿಬಿಟ್ಟೆ.

ಆದರೆ ಟೀ ವಿಷಯದಲ್ಲಿ ಅಜ್ಜಿ ಬಗ್ಗಲಿಲ್ಲ. ಚಿಕ್ಕವ್ವ ಹಸಿರು ಸೂಜಿಗಳ ಬುಡದ ಸಿಪ್ಪೆ ಚಿವುಟಿ ಎಸೆದು, ಉಳಿದದ್ದನ್ನು ಸಣ್ಣಗೆ ಕತ್ತರಿಸಿ ಲೋಟಕ್ಕೆ ಹಾಕುವಳು. ಕುದಿಯುವ ನೀರು ಹೊಯ್ದು ತಟ್ಟೆ ಮುಚ್ಚುವಳು. ಒಲೆಯ ಮೇಲೆ ಸೊಪ್ಪು ಸೇರಿಸಿ ಕುದಿಸಕೂಡದು, ಕುದಿಸಿದರೆ ಕಹಿ. ಬಣ್ಣ ತಿಳಿಹಳದಿಗೆ ತಿರುಗಿದ ಮೇಲೆ ಚೂರು ಬೆಲ್ಲ, ಎರಡು ಕಾಳು ಮೆಣಸು. ಮೊದಲ ಗುಟುಕಿಗೆ ನನಗೆ ನಿಂಬೆಹಣ್ಣಿನ ಸಿಪ್ಪೆ ಕಚ್ಚಿದಂತಾಯಿತು, ಆಮೇಲೆ ಕಟ್ಟಿದ್ದ ಮೂಗು ಬಿಟ್ಟುಕೊಂಡಿತು. ಅವ್ವ ಯಾರೂ ಇಲ್ಲದಾಗ ಅರ್ಧ ಲೋಟ ಕುಡಿದು ಬಾಯಿ ತೊಳೆದುಕೊಳ್ಳುತ್ತಿದ್ದಳು. ಅಜ್ಜಿ ಮಾತ್ರ ಹತ್ತಿರ ಸುಳಿಯುತ್ತಿರಲಿಲ್ಲ. ನಮ್ಮ ಸೀಮೆಯಲ್ಲಿ ಮದ್ದಿಕ್ಕುವ ಭಯ ದೊಡ್ಡದು. ಅನ್ನದಲ್ಲೋ ಹಾಲಿನಲ್ಲೋ ಏನನ್ನೋ ಬೆರೆಸಿ ಕೊಟ್ಟು ಆಳನ್ನು ವಶ ಮಾಡಿಕೊಳ್ಳುತ್ತಾರೆ, ಅದು ಹೊಟ್ಟೆಯಲ್ಲೇ ಕೂತುಬಿಡುತ್ತದೆ ಎಂಬ ನಂಬಿಕೆ. ತನ್ನ ಮುದ್ದಿನ ಮಗ ಹೇಳದೆ ಕೇಳದೆ ಮದುವೆಯಾದದ್ದಕ್ಕೆ ಅಜ್ಜಿ ಈ ಕಾರಣವನ್ನು ಬಿಟ್ಟು ಬೇರೊಂದನ್ನು ಹುಡುಕಲೇ ಇಲ್ಲ.

"ನನ್ ಮಗಂಗೆ ಇಕ್ಕಿದ್ದು ಸಾಲ್ದು ಅಂತ ಈಗ ನಂಗೂ ಇಕ್ಕಾಕೆ ಬತ್ತಾವ್ಳೆ. ಅತ್ಲಾಗ್ ಮಡಗು ಅನ್ನು ಆ ಲೋಟ್ವ," ಎಂದು ಅಜ್ಜಿ ನನಗೆ ಹೇಳುವಳು.

"ಅತ್ತೆ ಏನಂದರು?" ಎಂದು ಚಿಕ್ಕವ್ವ ಕೇಳುವಳು.

"ಆಮೇಲೆ ಕುಡೀತಾರಂತೆ," ಎಂದು ನಾನು ಹೇಳುವೆ. ದುಭಾಷಿಗಳಿಗೆ ಇಷ್ಟು ಸ್ವಾತಂತ್ರ್ಯ ಇರಬೇಕೆಂದು ನಾನು ಈಗಲೂ ನಂಬುತ್ತೇನೆ.

ಮಧ್ಯಾಹ್ನ ಹಿತ್ತಿಲಿನ ನುಗ್ಗೆಮರದ ಕೆಳಗೆ ಕನ್ನಡ ಪಾಠ. ನನಗೆ ಪುಸ್ತಕದ ಮಾತನ್ನೇ ಕಲಿಸಬೇಕೆಂಬ ಹಠ. ಆಕೆಗೋ ಅಜ್ಜಿಯ ಬಾಯಿಂದ ಬೀಳುವ ಮಾತುಗಳ ಮೇಲೆ ಕಣ್ಣು. ಚಿಕ್ಕವ್ವ ಮುದ್ದೆಯನ್ನು ಅಗಿಯುತ್ತಾ ಕೂತಿದ್ದಾಗ ಅಜ್ಜಿ, "ನುಂಗಮ್ಮಿ, ನುಂಗು! ಅದೇನ್ ಚಕ್ಲಿನಾ?" ಎಂದಿದ್ದಳು. ಅದೇ ಆಕೆ ತಪ್ಪಿಲ್ಲದೆ ಕಲಿತ ಮೊದಲ ಕನ್ನಡ ವಾಕ್ಯ. ಆಮೇಲೆ ನಮ್ಮ ಎಮ್ಮೆ ಹಿಂಡಿ ತಿನ್ನದೆ ಹಠ ಮಾಡಿದರೂ 'ನುಂಗಮ್ಮಿ' ಎನ್ನುತ್ತಿದ್ದಳು.

ಮಳೆಗಾಲ ಮುಗಿಯುವಷ್ಟರಲ್ಲಿ ಬಟ್ಟೆಯ ಗಂಟು ಬರಿದಾಯಿತು. ಕಂದು ಸೂಜಿಗಳೂ ತೀರಿ, ಆಕೆ ತಲೆಗಿಟ್ಟುಕೊಳ್ಳುತ್ತಿದ್ದ ದಿಂಬಿನೊಳಗೆ ತುಂಬಿದ್ದಷ್ಟೇ ಉಳಿದವು. ಚಿಕ್ಕವ್ವ ಸಪ್ಪಗಾದಳು. ಊಟ ಕಡಿಮೆಯಾಯಿತು, ಪಾಠದಲ್ಲೂ ಮನಸ್ಸಿರಲಿಲ್ಲ. ಒಂದು ದಿನ ಎಮ್ಮೆ ಹೊಡೆದುಕೊಂಡು ಕೆರೆಯ ಕಡೆ ಹೋದಾಗ ಆಚೆ ದಡದ ತೋಪು ಆಕೆಯ ಕಣ್ಣಿಗೆ ಬಿತ್ತು. ನೆಟ್ಟಗೆ ನಿಂತ ಮರಗಳು, ಜೋತಾಡುವ ಸೂಜಿಯಂಥ ಎಲೆ, ಗಾಳಿಗೆ ಹೊಮ್ಮುವ ಸುಯ್ಯೆನ್ನುವ ಸದ್ದು. "ಚೀಡ್! ಚೀಡ್!" ಎಂದು ಕೂಗುತ್ತಾ, ಸೀರೆ ಎತ್ತಿ ಕಟ್ಟಿ ಏರಿಯ ಮೇಲೆ ಓಡಿದಳು. ಚೀಡ್ ಎಂದರೆ ಅವರ ಕಡೆ ಪೈನ್ ಮರ. ನಾನು ಎಮ್ಮೆ ಬಿಟ್ಟು ಹಿಂದೆ ಓಡಿದೆ. ಅದು ಚೀಡ್ ಅಲ್ಲ ಎಂದು ನನಗೆ ಗೊತ್ತಿತ್ತು. ನಾವು ಮನೆಯಲ್ಲಿ ಅದನ್ನು ಗಾಳಿಮರ ಎನ್ನುತ್ತಿದ್ದೆವು. ಪಾಠ ಹೇಳುವ ಗತ್ತಿನಲ್ಲಿ ನಾನು ಮೇಷ್ಟ್ರು ಕಲಿಸಿದ್ದ ಹೆಸರು ಹೇಳಿದೆ: "ಚಿಕ್ಕವ್ವ, ಇದು ಸರ್ವೆ. ಹೇಳಿ, ಸರ್ವೆ." ಸರ್ವೆಯ ಎಳೆಯಲ್ಲಿ ಗಂಟುಗಂಟು ಇರುತ್ತದೆ. ಒಂದು ಗಂಟಿನಲ್ಲಿ ಕಿತ್ತು, ಮತ್ತೆ ಅಲ್ಲೇ ಸಿಕ್ಕಿಸಿ, ಎಲ್ಲಿ ಕಿತ್ತಿದ್ದು ಹೇಳು ಎಂದು ಕೇಳುವುದು ನಮ್ಮ ಆಟ. ಆಟ ತೋರಿಸಿದೆ. ಚಿಕ್ಕವ್ವ ನಗಲಿಲ್ಲ. ಎಳೆಯನ್ನು ಉಜ್ಜಿ ಮೂಸಿದಳು, ಮತ್ತೆ ಉಜ್ಜಿ ಮೂಸಿದಳು. ಆದರೂ ಆಸೆ ಬಿಡದೆ ಒಂದು ಮಡಿಲು ತಂದು ಮನೆಯಲ್ಲಿ ಬಿಸಿನೀರಿಗೆ ಹಾಕಿದಳು. ಹಸಿಹುಲ್ಲು ನೆನೆಸಿದ ನೀರಾಯಿತು. ಮಗ್ಗುಲಲ್ಲಿ ಕೂತು ಆಕೆ ಅತ್ತದ್ದನ್ನು ನಾನು ಮೊದಲ ಸಲ ನೋಡಿದೆ, ನನಗೂ ಅಳು ಬಂತು. ಅಪ್ಪನಿಗೆ ಮೈಸೂರಿನ ಮೂಲೆಮೂಲೆ ಗೊತ್ತು, ದಿನಾ ಹಾಲು ಹಾಕಲು ಹೋಗುತ್ತಾರೆ, ಅವರನ್ನೇ ಕೇಳಿ ಎಂದೆ. ನೀನೇ ಕೇಳು ಎನ್ನದೆ, ತಾನೇ ಕನ್ನಡದಲ್ಲಿ ಕೇಳುತ್ತೇನೆಂದು ಆಕೆ ಸಂಜೆಯವರೆಗೂ ಬಾಯಿಪಾಠ ಮಾಡಿದಳು.

ಇಲ್ಲಿ ಒಂದು ವಿಷಯ ಹೇಳಬೇಕು. ಆಗ ಹಿನಕಲ್ ಸುತ್ತ ಹೊಲಗಳನ್ನು ಅಳೆದು ಸೈಟು ಮಾಡುವ ಕಾಲ. ಸರಪಳಿ ಹಿಡಿದವರು ಬದುವಿನ ಮೇಲೆ ಓಡಾಡುತ್ತಿದ್ದರು. ಗೇಣು ಜಾಗಕ್ಕೆ ಅಣ್ಣತಮ್ಮಂದಿರು ಮಾತು ಬಿಟ್ಟು, ಒಂದೇ ಮನೆಯಲ್ಲಿ ಎರಡು ಒಲೆ ಹೂಡಿದ್ದರು. ಊರಿನ ಯಾವ ಜಗಲಿಯಲ್ಲಿ ಕೂತರೂ ಸರ್ವೆಯದೇ ಮಾತು, ಮತ್ತು ಅದು ಮರದ ಮಾತಲ್ಲ. ಅಪ್ಪ, ಅಜ್ಜಿ ಊಟಕ್ಕೆ ಕೂತಿದ್ದರು. ಅವ್ವ ಬಡಿಸುತ್ತಿದ್ದಳು. ಚಿಕ್ಕವ್ವ ಅಡುಗೆಮನೆಯ ಬಾಗಿಲ ಮರೆಯಲ್ಲಿ ನಿಂತು, ಸೆರಗು ಹೊದ್ದು, ಗಂಟಲು ಸರಿಮಾಡಿಕೊಂಡು ಅಪ್ಪನಿಗೆ ಮೊಟ್ಟಮೊದಲ ಮಾತು ಹೇಳಿದಳು.

"ಭಾವ, ಈ ಸರ್ವೆ ಸರಿ ಇಲ್ಲ. ನನಗೆ ಬೇರೆ ಬೇಕು."

ಅಪ್ಪನ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. "ಬೇರೆ?"

"ಹೌದು, ಬೇರೆ. ಇದರಲ್ಲಿ ಏನೂ ಇಲ್ಲ. ನನ್ನದು ಬೇರೆ ಕೊಡಿ," ಎಂದ ಚಿಕ್ಕವ್ವ, ತಪ್ಪಿಲ್ಲದೆ ಹೇಳಿದೆನೇ ಎಂಬಂತೆ ನನ್ನ ಕಡೆ ನೋಡಿ ನಕ್ಕಳು.

ವ್ಯಾಕರಣದಲ್ಲಿ ಒಂದು ತಪ್ಪೂ ಇರಲಿಲ್ಲ. ಅಪ್ಪ ಮುದ್ದೆ ಬಿಟ್ಟು ಎದ್ದು ಕೈತೊಳೆದರು. ಅಜ್ಜಿ ತಟ್ಟೆ ನೂಕಿದಳು. ಮನೆ ಒಡೆಯಲು ಬಂದವಳು ಬಾಯಿ ಬಿಟ್ಟಳು ನೋಡು, ನಾನು ಅವತ್ತೇ ಹೇಳಿರಲಿಲ್ಲವೇ ಎಂದು ಶುರುಮಾಡಿದಳು. ನಾನು "ಮರ ಕಣಜ್ಜಿ, ಮರ!" ಎಂದು ಬಾಯಿ ಹಾಕಿದ್ದಕ್ಕೆ ಅವ್ವ ತೊಡೆ ಚಿವುಟಿ, ದೊಡ್ಡವರ ಮಾತಿನ ಮಧ್ಯೆ ಬರಬೇಡ ಎಂದಳು. ಚಿಕ್ಕವ್ವ ಬಾಗಿಲಲ್ಲೇ ಬೆಪ್ಪಾಗಿ ನಿಂತಿದ್ದಳು. ಮಾರನೆಯ ಬೆಳಿಗ್ಗೆ ಅಪ್ಪ ಎಸ್‌ಟಿಡಿ ಬೂತಿಗೆ ಹೋಗಿ, ಹೇಗೋ ಲೈನು ಸಿಕ್ಕಿಸಿಕೊಂಡು, ನಿನ್ನ ಹೆಂಡತಿ ಪಾಲು ಕೇಳುತ್ತಿದ್ದಾಳೆ, ಬಂದು ಕರೆದುಕೊಂಡು ಹೋಗು ಎಂದು ಚಿಕ್ಕಪ್ಪನಿಗೆ ಹೇಳಿಬಿಟ್ಟರು. ಅಷ್ಟಕ್ಕೆ ಸುಮ್ಮನಾಗುವ ಜಾತಿಯಲ್ಲ ನಮ್ಮಪ್ಪ. ಮಾನಕ್ಕೆ ಅಂಜುವ ಮನುಷ್ಯ, ಸಿಟ್ಟೂ ನ್ಯಾಯವಾಗಿಯೇ ಇರಬೇಕು. ಆ ವಾರವೇ ಒಂದು ದಿನ ಸರ್ವೆ ಮಾಡುವವರನ್ನು ಸರಪಳಿ ಸಮೇತ ಹೊಲಕ್ಕೆ ಕರೆಸಿ, ಮನೆಯವರನ್ನೆಲ್ಲ ಬದುವಿನ ಮೇಲೆ ಸಾಲಾಗಿ ನಿಲ್ಲಿಸಿದರು.

"ಬಾಮ್ಮ, ನಿನ್ ಕಣ್ಮುಂದೇನೆ ಅಳ್ದು ಬುಡ್ಲಿ. ನಾಳೆ ದಿನ ನಮ್ ಭಾವ ಮೋಸ ಮಾಡ್ಬುಟ್ರು ಅನ್ನಾದು ಬ್ಯಾಡ."

ಚಿಕ್ಕವ್ವ ಮೆಲ್ಲಗೆ ನನ್ನನ್ನು ಕೇಳಿದಳು, ಯಾರಿವರು. ನಾನು ಹೇಳಿದೆ, ಸರ್ವೆಯವರು. ಆಕೆಯ ಮುಖ ಅರಳಿದ್ದನ್ನು ನೋಡಬೇಕಿತ್ತು! ಅಪ್ಪ ಮುನಿಸಿಕೊಂಡರೂ ತನ್ನ ಸಲುವಾಗಿ ಮರ ಬಲ್ಲವರನ್ನೇ ಕರೆತಂದಿದ್ದಾರೆ ಎಂದುಕೊಂಡಳು. ತಡೆಯಿರಿ ಎಂದು ಕೈ ಮಾಡಿ ಮನೆಗೆ ಓಡಿದವಳು, ಒಂದು ಕೈಯಲ್ಲಿ ಬಾಡಿದ ಸರ್ವೆ ಕೊಂಬೆ, ಇನ್ನೊಂದು ಕೈಯಲ್ಲಿ ಹೊಲಿಗೆ ಬಿಚ್ಚಿದ ದಿಂಬು ಹಿಡಿದು ಬಂದಳು. ಎರಡನ್ನೂ ಆ ಸರ್ವೆಯವರ ಮುಂದೆ ಹಿಡಿದಳು.

"ಸ್ವಾಮಿ, ಇದು ಸರ್ವೆ. ಇದು ಬೇಡ. ಇದು ಬೇರೆ. ಇದು ಬೇಕು. ಎಲ್ಲಿದೆ?"

ಅವರಲ್ಲೊಬ್ಬರು ದಿಂಬಿನಿಂದ ನಾಲ್ಕು ಸೂಜಿ ಎಳೆದು ಮೂಸಿದರು. "ಇದು ಪೈನ್ ಅಲ್ವೇನ್ರೀ? ಯಾದವಗಿರಿಲಿ ಒಂದು ಹಳೇ ಬಂಗ್ಲೆ ಕಾಂಪೌಂಡಲ್ಲಿ ಇಂಥ ಮರ ಇದೆ, ನಾನೇ ಅಳೆಯಕ್ಕೆ ಹೋಗಿದ್ದೆ. ಕಾಲಿಟ್ಟರೆ ಜಾರುತ್ತೆ ಅಷ್ಟು ಉದುರಿರತ್ತೆ. ಅದಿರ್ಲಿ, ಈಗ ನಾನು ಯಾವ್ದನ್ನ ಅಳೀಬೇಕು, ಹೊಲಾನೋ ದಿಂಬನ್ನೋ?"

ಅಪ್ಪ ಬದುವಿನ ಕಲ್ಲಿನ ಮೇಲೆ ಕೂತುಬಿಟ್ಟರು. ಅಜ್ಜಿಗೆ ಒಂದು ಗಳಿಗೆ ಏನೂ ಹೊಳೆಯಲಿಲ್ಲ. ಹೊಳೆದಾಗ ಸೆರಗನ್ನು ಬಾಯಿಗೆ ಒತ್ತಿಕೊಂಡು ನಗಲು ಶುರುಮಾಡಿದವಳು ಹೊಟ್ಟೆ ಹಿಡಿದು ರಾಗಿ ಪೈರಿನ ಮೇಲೇ ಕುಕ್ಕರಿಸಿದಳು.

"ಅಯ್ಯೋ ನಿನ್ ಮನೆ ಕಾಯ್ವಾಗ! ಸೊಪ್ಪು ಕೇಳಿದ್ಕೆ ಭೂಮಿ ಅಳ್ಸಾಕೆ ನಿಂತ್ಯಲ್ಲೋ!"

ಎಲ್ಲರೂ ನಕ್ಕರು, ಅವ್ವ ಒಬ್ಬಳನ್ನು ಬಿಟ್ಟು. ಅವ್ವ ಸುಮ್ಮನೆ ಮನೆಗೆ ಹೋಗಿ ರಾಗಿ ಬೀಸುತ್ತಾ ಕೂತಳು. ನಾನು ದೊಡ್ಡವಳಾದ ಮೇಲೆ ಒಮ್ಮೆ ಹೇಳಿದ್ದಳು, "ಅವ್ಳಾದ್ರೂ ಬಾಯ್ಬುಟ್ಟು ಕೇಳುದ್ಲಲ್ಲ, ನಂಗೂ ಒಂದು ಸ್ವಂತ ಒಲೆ ಆಯ್ತದೇನೋ ಅಂದ್ಕಂಡಿದ್ದೆ ಕಣೆ." ನಮ್ಮ ಮನೆಯಲ್ಲಿ 'ಬೇರೆ' ಎಂಬ ಮಾತನ್ನು ಎದೆಯಲ್ಲಿಟ್ಟುಕೊಂಡು ಓಡಾಡುತ್ತಿದ್ದವಳು ಬೆಟ್ಟದಿಂದ ಬಂದವಳಲ್ಲ. ಈಗ ನನ್ನ ಹೊಸ ವಿದ್ಯಾರ್ಥಿಗಳಿಗೆ ಆ ಒಂದು ಪದಕ್ಕೇ ಒಂದಿಡೀ ತರಗತಿ ಮೀಸಲಿಡುತ್ತೇನೆ. ಅಂಗಡಿಯಲ್ಲಿ ಧಾರಾಳವಾಗಿ ಬಳಸಿ, ಅತ್ತೆಮನೆಯಲ್ಲಿ ನೋಡಿಕೊಂಡು ಬಳಸಿ ಎಂದು ಹೇಳುತ್ತೇನೆ.

ಭಾನುವಾರ ಅಪ್ಪ ತಮ್ಮ ಹಾಲಿನ ಮೊಪೆಡ್ಡಿನ ಮೇಲೆ ನಮ್ಮಿಬ್ಬರನ್ನೂ ಕೂರಿಸಿಕೊಂಡು ಯಾದವಗಿರಿಗೆ ಹೊರಟರು. ಭಾವನ ಹಿಂದೆ ಕೂರುವುದು ಹೇಗೆಂದು ಚಿಕ್ಕವ್ವ ಹಿಂಜರಿದಳು. ಅಜ್ಜಿಯೇ ಮಧ್ಯೆ ಕೂಸನ್ನು ಕೂರಿಸಿಕೋ ಎಂದು ನನ್ನನ್ನು ತುರುಕಿದಳು. ಬಂಗಲೆಯಲ್ಲಿದ್ದದ್ದು ಒಬ್ಬ ವಯಸ್ಸಾದ ಅಮ್ಮ. ಕಸ ಗುಡಿಸಿ ಗುಡಿಸಿ ಸಾಕಾಗಿದೆ, ಎಷ್ಟು ಬೇಕಾದರೂ ಬಾಚಿಕೊಂಡು ಹೋಗಿ ಎಂದರು. ಚಿಕ್ಕವ್ವ ಮರದ ಕೆಳಗೆ ನಿಂತು ಕತ್ತೆತ್ತಿದಳು. ಒಂದು ಗೊಂಚಲು ಕಿತ್ತು ಬುಡದಲ್ಲಿ ಎಷ್ಟು ಸೂಜಿಯಿವೆ ನೋಡಿದಳು, ಮುರಿದಳು, ಅಂಟು ಬೆರಳಿಗೆ ಹತ್ತಿಸಿಕೊಂಡು ಮೂಸಿದಳು. ಇದು ನಮ್ಮೂರಿನದಲ್ಲ, ಆದರೆ ಅದರ ತಂಗಿ ಎಂದು ಹಿಂದಿಯಲ್ಲಿ ಹೇಳಿದಳು. ಎರಡು ಗೋಣಿಚೀಲ ತುಂಬಿತು. ಅಲ್ಲಿಂದಾಚೆಗೆ ಹದಿನೈದು ದಿನಕ್ಕೊಮ್ಮೆ ಯಾದವಗಿರಿಯ ಪ್ರಯಾಣ ನಮ್ಮ ಮನೆಯ ಹಬ್ಬವಾಯಿತು. ಕೊಟ್ಟಿಗೆಯಲ್ಲಿ ಎಮ್ಮೆಗಳ ಕೆಳಗೆ ಸೂಜಿ ಹಾಸಿದೆವು. ಗಂಜಲ ಹೀರಿಕೊಂಡು ನೆಲ ಒಣಗಿರುತ್ತಿತ್ತು. ಬಚ್ಚಲ ಹಂಡೆಯ ಒಲೆಗೆ ಒಂದು ಹಿಡಿ ಹಾಕಿದರೆ ಹಸಿ ಸೌದೆಯೂ ಹೊತ್ತಿಕೊಳ್ಳುತ್ತಿತ್ತು. ಅವ್ವ ತನ್ನ ಕನಕಾಂಬರದ ಬುಡಕ್ಕೆ ಹರಡಿದಳು, ಧಾರೆ ಸೀರೆಯ ಪೆಟ್ಟಿಗೆಗೆ ಹುಳು ಬಾರದಿರಲೆಂದು ಒಂದು ಪೊಟ್ಟಣ ಇಟ್ಟಳು. ಊರಿನ ಹೆಂಗಸರು ತಮಗೂ ಸಿಂಬೆ ಬೇಕೆಂದು ಹೇಳಿ ಹೋಗುತ್ತಿದ್ದರು. ಅಜ್ಜಿ ಜಗಲಿಯಲ್ಲಿ ಕೂತು ಆ ಪೆಟ್ರೋಲ್ ಸೊಪ್ಪಿನ ಗುಣಗಳನ್ನು ದಾರಿಹೋಕರಿಗೆಲ್ಲ ವರ್ಣಿಸುವಳು. ಆದರೆ ಟೀ ತಂದರೆ ಮಾತ್ರ, "ಈಗ್ತಾನೆ ಮಜ್ಜಿಗೆ ಕುಡ್ದೆ ಕಣವ್ವ," ಎಂದು ಲೋಟದ ಕಡೆ ನೋಡದೆ ಹೇಳುವಳು. ನಗು ಬೇರೆ, ನಂಬಿಕೆ ಬೇರೆ. ಚಿಕ್ಕವ್ವ ದಿನವೂ ತರುವಳು, ದಿನವೂ ಆರಿದ ಲೋಟ ಎತ್ತಿಕೊಂಡು ಹೋಗುವಳು.

ಇಷ್ಟೆಲ್ಲ ಆಗುವಾಗ ಅಪ್ಪ ಆಡಿದ ಮಾತು ಗಡಿಯಲ್ಲಿ ಕೂತು ಕೆಲಸ ಮಾಡುತ್ತಲೇ ಇತ್ತು. ತಪ್ಪಾಯಿತು ಎಂದು ಹೇಳಲು ಮತ್ತೆ ಬೂತಿಗೆ ಹೋದರೆ ಲೈನು ಸಿಗಲಿಲ್ಲ. ಸಿಕ್ಕಾಗ ಆತ ರಜೆ ಪಡೆದು ಹೊರಟಾಗಿತ್ತು. ಒಂದು ಮಧ್ಯಾಹ್ನ ಚಿಕ್ಕಪ್ಪ ಬಂದ. ನಗಲಿಲ್ಲ, ಬೂಟು ಬಿಚ್ಚಲಿಲ್ಲ. ಹೋಗುವ ಟಿಕೆಟನ್ನೂ ಮಾಡಿಸಿಕೊಂಡೇ ಬಂದಿದ್ದ. ಅಪ್ಪ ನಡೆದದ್ದನ್ನೆಲ್ಲ ಹೇಳಿ ನಗಿಸಲು ನೋಡಿದರು, ತನ್ನನ್ನೇ ಬೈದುಕೊಂಡರು. ಚಿಕ್ಕಪ್ಪ ಎಲ್ಲವನ್ನೂ ಕೇಳಿಸಿಕೊಂಡು ಹೇಳಿದ.

"ಇವತ್ತು ಸೊಪ್ಪಿಂದ ಆಯ್ತು, ನಾಳೆ ಉಪ್ಪಿಂದ ಆಯ್ತದೆ. ಬ್ಯಾಡ ಕಣಣ್ಣ. ಅವ್ಳು ಬಂದು ವರ್ಸ ಆಗ್ತಾ ಬಂತು, ಅವ್ವ ಇನ್ನೂ ಅವ್ಳ ಕೈಲಿ ಒಂದ್ ಲೋಟ ಕುಡ್ದಿಲ್ಲ. ನಂಗೆಲ್ಲಾ ಗೊತ್ತದೆ. ಅವ್ರೂರಿಗೆ ಬುಟ್ಟು ಓಯ್ತೀನಿ, ಅಲ್ಲಾದ್ರೂ ನೆಮ್ದಿಯಾಗಿರ್ಲಿ."

ಅಪ್ಪ ತಲೆ ತಗ್ಗಿಸಿದರು. ಅಜ್ಜಿ ಕಂಬಕ್ಕೊರಗಿ ಕೂತು ಗೋಡೆ ನೋಡುತ್ತಿದ್ದಳು. ಆಕೆ ಹೋದರೆ ಮಧ್ಯಾಹ್ನಗಳನ್ನು ನಾನು ಏನು ಮಾಡಲಿ? ಟ್ರಂಕು ಕಟ್ಟು ಎಂದು ಚಿಕ್ಕಪ್ಪ ಹಿಂದಿಯಲ್ಲಿ ಹೇಳಿದ. ಚಿಕ್ಕವ್ವ ಬಾಗಿಲ ಮರೆಯಿಂದ ನಡುಮನೆಗೆ ಬಂದು, ಭಾವನ ಎದುರೇ ನಿಂತಳು. ಹಿಂದಿಯಲ್ಲಿ ಹೇಳಲಿಲ್ಲ. ನಾನು ಕಲಿಸಿದ ಪುಸ್ತಕದ ಕನ್ನಡವನ್ನೂ ಆಡಲಿಲ್ಲ.

"ಈಗ ಆಗಾಕಿಲ್ಲ ಕಣ್ರೀ. ಅತ್ತೆಗೆ ಕೆಮ್ಮು. ನನ್ ಕೈಯಿಂದ ಸೊಪ್ಪಿನ ನೀರು ಕುಡ್ದು ವಾಸಿಯಾಗ್ಲಿ, ಆಮ್ಯಾಕೆ ನೋಡವ."

ಅಜ್ಜಿ ಆ ತಿಂಗಳೆಲ್ಲ ಒಂದು ಸಲವೂ ಕೆಮ್ಮಿದವಳಲ್ಲ. ಗೋಡೆಯಿಂದ ಕಣ್ಣು ಕಿತ್ತು ಸೊಸೆಯನ್ನು ನೋಡಿದಳು, ಮಗನನ್ನು ನೋಡಿದಳು, ಆಮೇಲೆ ಎದೆಯ ಮೇಲೆ ಕೈಯಿಟ್ಟುಕೊಂಡು ಇಡೀ ಹಿನಕಲ್ಲಿಗೆ ಕೇಳಿಸುವಷ್ಟು ಜೋರಾಗಿ ಕೆಮ್ಮತೊಡಗಿದಳು.